ರಜೆ ನೋಡಿ ಹಲ್ಲು ಕಟ್ಟಿಸಬೇಡ

ಮಗಾ, ಕೀಳಿಸಿದ್ದು ದವಡೆಹಲ್ಲು, ನಕ್ಕರೆ ಕಾಣುವುದಿಲ್ಲ, ಅವಸರವೇನು ಎಂದು ದುಬೈಯಿಂದ ಫೋನಿನಲ್ಲಿ ಹೇಳಿದೆಯಂತೆ. ಜನರಿಗೆ ಕಾಣದಿದ್ದರೂ ಉಳಿದ ಹಲ್ಲುಗಳಿಗೆ ಗೊತ್ತಾಗುತ್ತದೆ ಮಾರಾಯ. ಜಾಗ ಖಾಲಿಯಾದರೆ ಪಕ್ಕದ್ದು ವಾಲುತ್ತದೆ, ಎದುರಿನದ್ದು ಇಳಿದು ಬರುತ್ತದೆ. ಒಳಗೆ ಆಗುವ ನಷ್ಟ ಇನ್ನೂ ದೊಡ್ಡದು. ಬೇರಿಲ್ಲದ ಕಡೆ ಎಲುಬು ಕರಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಅರ್ಧದಷ್ಟು ಇಳಿಯಬಹುದು, ಅದರಲ್ಲೂ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲೇ. ತಡಮಾಡಿದರೆ ಎಲುಬು ತುಂಬಿಸುವ ಕೆಲಸ ಬೇರೆ, ಅದರ ಖರ್ಚು ಬೇರೆ.

ಅದಕ್ಕೇ ಇಂಪ್ಲಾಂಟ್ ಹಾಕಿಸಿಕೋ ಎನ್ನುವುದು, ಅಂದರೆ ಎಲುಬಿಗೆ ಸ್ಕ್ರೂ ಕೂರಿಸಿ ಮೇಲೆ ಹಲ್ಲಿನ ಕ್ಯಾಪ್ ಹಾಕುವುದು. ಅದು ಹೊಸ ಹುಚ್ಚು ಎಂದು ನಿನ್ನಪ್ಪ ಗೊಣಗುತ್ತಾನೆ, ಗೊಣಗಲಿ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್, ಮೊಲದ ಕಾಲೆಲುಬಿಗೆ ಟೈಟಾನಿಯಂ ಉಪಕರಣ ಕೂರಿಸಿ ರಕ್ತಸಂಚಾರ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಎಲುಬು ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬವನ ಬಾಯಿಗೆ ಅವರು ಹಾಕಿದ ಇಂಪ್ಲಾಂಟಿನಲ್ಲಿ ಆತ ಸಾಯುವ ತನಕ, ಸುಮಾರು 40 ವರ್ಷ, ಉಂಡ. ಅದೇ 1965ರಲ್ಲಿ ನಮ್ಮ ಮಣಿಪಾಲದ ದಂತ ಕಾಲೇಜೂ ಶುರುವಾಯಿತು. ಅಂಬಲಪಾಡಿಯವನಾದ ನಿನಗೆ ದೂರದ ನೆಪ ಹೇಳಲಿಕ್ಕಿಲ್ಲ.

ಆದರೆ ಹತ್ತು ದಿನದ ರಜೆಯಲ್ಲಿ ಎಲ್ಲ ಮುಗಿಸಿಕೊಡಿ ಎಂದು ಡಾಕ್ಟರರ ತಲೆ ತಿನ್ನಬೇಡ. ಮೊದಲು ಸ್ಕ್ರೂ ಕೂರಿಸುತ್ತಾರೆ. ಎಲುಬು ಅದಕ್ಕೆ ಬೆಸೆಯಲು 3ರಿಂದ 6 ತಿಂಗಳು ಬೇಕು; ಮೇಲ್ದವಡೆಯ ಎಲುಬು ಮೆದು, ಅಲ್ಲಿ ಇನ್ನಷ್ಟು ತಾಳ್ಮೆ ಬೇಕು. ಕ್ಯಾಪ್ ಆಮೇಲೆ. ಕೂಡಲೇ ಹಲ್ಲು ಕೂರಿಸುವ ಕ್ರಮವೂ ಉಂಟು, ಎಲುಬು ಗಟ್ಟಿ ಇದ್ದವರಿಗೆ. ಯಾರಿಗೆ ಅದು ಸರಿ ಎಂದು ಹೇಳುವುದು ಸ್ಕ್ಯಾನ್, ನಿನ್ನ ವಿಮಾನದ ಟಿಕೆಟ್ ಅಲ್ಲ. ಒಂದು ರಜೆಗೆ ಸ್ಕ್ರೂ, ಮುಂದಿನ ರಜೆಗೆ ಕ್ಯಾಪ್ ಎಂದಿಟ್ಟುಕೋ.

ನಡುವೆ ಸಿಗರೇಟು ಸೇದಿದರೆ ಸ್ಕ್ರೂ ಬೆಸೆಯದೆ ಸಡಿಲವಾಗುವ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆ ನಮ್ಮ ಮನೆತನದ ಆಸ್ತಿ. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆ ಮಾಡಿಸಿಯೇ ಹೋಗು.

ಪಕ್ಕದ ಹಲ್ಲುಗಳ ಆಧಾರದಲ್ಲಿ ಕಟ್ಟುವ ಬ್ರಿಡ್ಜ್ ಇಂಪ್ಲಾಂಟಿಗಿಂತ ಅಗ್ಗ, ಬೇಗ ಮುಗಿಯುತ್ತದೆ. ಆದರೆ ಅದಕ್ಕಾಗಿ ಆಚೀಚಿನ ಎರಡು ಹಲ್ಲು ಅರೆಯಬೇಕು. ಅವು ಗಟ್ಟಿಯಾಗಿದ್ದರೆ ನನಗಂತೂ ಮನಸ್ಸು ಬಾರದು. ಹಲ್ಲುಸೆಟ್ಟಿನ ಕತೆ ಮನೆಯಲ್ಲೇ ನೋಡಿದ್ದೀಯಲ್ಲ: ಅಜ್ಜಿ ಊಟಕ್ಕೆ ಕೂತೊಡನೆ ಕೆಳಗಿನ ಸೆಟ್ಟು ತೆಗೆದು ಲೋಟದ ನೀರಿಗೆ ಹಾಕಿ, ವಸಡಿನಲ್ಲೇ ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದರು. ಸೆಟ್ಟು ಇದ್ದದ್ದು ಮದುವೆಮನೆಗೆ! ಈಗಾದರೆ ಕೆಳದವಡೆಗೆ ಎರಡೇ ಇಂಪ್ಲಾಂಟ್ ಹಾಕಿ, ಅಂಗಿಯ ಪ್ರೆಸ್ ಗುಂಡಿಯ ಹಾಗೆ ಸೆಟ್ಟನ್ನು ಒತ್ತಿ ನಿಲ್ಲಿಸುತ್ತಾರೆ.

ಹಾಕಿಸಿದ ಮೇಲೆ ಹುಳುಕು ಹಿಡಿಯದು ಎಂಬ ಧೈರ್ಯದಲ್ಲಿ ಉಜ್ಜುವುದು ಬಿಡಬೇಡ. ಸುತ್ತಲಿನ ವಸಡು ಕೀವಾಗಿ ಎಲುಬು ತಿಂದರೆ ಇಂಪ್ಲಾಂಟೂ ಕಳಚುತ್ತದೆ. ಕೊನೆಗೆ, ಕಂಪನಿಯ ಹೆಸರು, ಅಳತೆ, ಲಾಟ್ ನಂಬರ್ ಇರುವ ಕಾರ್ಡ್ ಕೇಳಿ ಪಡೆದುಕೊಂಡು ಪಾಸ್‌ಪೋರ್ಟಿನ ಜೊತೆ ಇಟ್ಟುಕೋ. ದುಬೈಯಲ್ಲಿ ಸ್ಕ್ರೂ ಸಡಿಲವಾದರೆ ಅಲ್ಲಿನ ಡಾಕ್ಟರರು ಮೊದಲು ಕೇಳುವುದು ಅದನ್ನೇ.