ಆಟಿಸಂ, ಹಕ್ಕು ಮತ್ತು ಸರ್ಕಾರಿ ವಿಶ್ವವಿದ್ಯಾಲಯ: ಪರೀಕ್ಷೆಗೆ ಮುಖ್ಯಾಂಶಗಳು

• ಆಟಿಸಂ (ಸ್ವಲೀನತೆ) ಅಂಟುಜಾಡ್ಯವಲ್ಲ, ಹೆತ್ತವರ ತಪ್ಪೂ ಅಲ್ಲ. ಮೆದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಅದನ್ನು 1943ರಲ್ಲಿ ಮನೋವೈದ್ಯ ಲಿಯೊ ಕ್ಯಾನರ್ ವಿವರಿಸಿದರು. ಲಸಿಕೆಯಿಂದ ಬರುತ್ತದೆಂಬ ಗುಲ್ಲಿಗೆ ಕಾರಣವಾದ 1998ರ ಲೇಖನವನ್ನು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2010ರಲ್ಲಿ ಹಿಂಪಡೆಯಿತು.

• ಗುರುತು: ಹೆಸರು ಹಿಡಿದು ಕರೆದರೆ ತಿರುಗದ ಮಗು ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಳ್ಳಬಹುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸದೆ ಅಮ್ಮನ ಕೈ ಹಿಡಿದು ಎಳೆದೊಯ್ಯಬಹುದು. ‘ಅವರಪ್ಪಾನೂ ತಡಾ ಮಾಡೇ ಮಾತಾಡಿದ್ದ’ ಎಂದು ಮನೆಯವರು ಕಾಯುತ್ತಾರೆ. ತರಬೇತಿ ಬೇಗ ಶುರುವಾದಷ್ಟೂ ಒಳ್ಳೆಯದು. ಈ ಕಾಯುವಿಕೆಯೇ ದೊಡ್ಡ ನಷ್ಟ.

• ವಿಶ್ವ ಆಟಿಸಂ ಜಾಗೃತಿ ದಿನ: ಏಪ್ರಿಲ್ 2. ವಿಶ್ವಸಂಸ್ಥೆಯ ನಿರ್ಣಯ 2007, ಮೊದಲ ಆಚರಣೆ 2008.

• ಕಾನೂನು: 1995ರ ಅಂಗವಿಕಲರ ಕಾಯ್ದೆ ಪಟ್ಟಿ ಮಾಡಿದ 7 ವಿಧದ ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಒಳಗೊಂಡಿತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಪಟ್ಟಿಯನ್ನು 21ಕ್ಕೆ ಏರಿಸಿತು; ಜಾರಿ 2017ರ ಏಪ್ರಿಲ್ 19. ಶೇ 40 ಅಥವಾ ಹೆಚ್ಚಿನ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ.

• ಅಭ್ಯರ್ಥಿಗಳು ಎಡವುವ ಜಾಗ: ಸರ್ಕಾರಿ ಉದ್ಯೋಗದಲ್ಲಿ ವಿಕಲಚೇತನರಿಗಿರುವ ಶೇ 4 ಮೀಸಲಾತಿಯಲ್ಲಿ ಆಟಿಸಂಗೇ ಮೀಸಲಾದ ಶೇ 1 ಇಲ್ಲ. ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವಿಧ ವೈಕಲ್ಯಗಳೊಂದಿಗೆ ಹಂಚಿಕೊಂಡ ಶೇ 1 ಮಾತ್ರ ಇದೆ.

• ಸಣ್ಣ ಊರಿನ ಕಷ್ಟಕ್ಕೆ ಒಂದು ಉದಾಹರಣೆ ಕುರೆಕುಪ್ಪ, ಸಂಡೂರು ತಾಲ್ಲೂಕಿನ ಪುರಸಭೆ ಪಟ್ಟಣ. ಅಲ್ಲಿಂದ ಹೆಸರಾಂತ ಸಂಸ್ಥೆಗಳು ದೂರ: ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965). ಎರಡನೆಯದರ ಪದವಿಗಳು ಮೈಸೂರು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿವೆ. ವಿಶ್ವವಿದ್ಯಾಲಯದ ಅಂಗಳಕ್ಕೇ ಮಾತು ಬಾರದ ಮಕ್ಕಳು ಬಂದು ಹೋಗುವ ಈ ಏರ್ಪಾಡು ಎಲ್ಲ ಜಿಲ್ಲೆಗೂ ಬೇಕಾದದ್ದು.

• ಕುರೆಕುಪ್ಪಕ್ಕೆ ಹತ್ತಿರದ್ದು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ (2010). ಅದರ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರ ಸಂಡೂರು ತಾಲ್ಲೂಕಿನಲ್ಲೇ ಇದೆ.

• 2016ರ ಕಾಯ್ದೆಯ ಕಲಂ 47 ಬಾಯಿಪಾಠವಾಗಿರಲಿ: ಶಿಕ್ಷಕರು, ವೈದ್ಯರು, ದಾದಿಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಶಿಕ್ಷಣದಲ್ಲಿ ವೈಕಲ್ಯವೂ ಒಂದು ಪಾಠವಾಗಬೇಕು. ತಜ್ಞರಿಗಿಂತ ಮೊದಲು ಮಗುವನ್ನು ನೋಡುವವರು ಇವರೇ; ಇವರಲ್ಲಿ ಅನೇಕ ಶಿಕ್ಷಕರನ್ನು ತಯಾರಿಸುವುದು ವಿಶ್ವವಿದ್ಯಾಲಯಗಳ ಬಿ.ಇಡಿ ತರಗತಿಗಳು. ಸೀಟು ಕೊಡುವುದಕ್ಕಿಂತ ದೊಡ್ಡ ಹೊಣೆ ಇದು.

• ಲಿಪಿಕಾರರ ನೆರವಿಗೆ ಅರ್ಹರಾದವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತ್ತು.