‘ಕಿತಾ’ ಮತ್ತು ‘ಕಾಮಿ’: ಮಲೇಷ್ಯಾದಲ್ಲಿ ಓದುಗ ಸಮುದಾಯದ ನಿರ್ಮಾಣ

ಮಲಯ ಭಾಷೆಯಲ್ಲಿ ‘ನಾವು’ ಎಂಬ ಅರ್ಥಕ್ಕೆ ಎರಡು ಸರ್ವನಾಮಗಳಿವೆ. ಕೇಳುವವನನ್ನೂ ಸೇರಿಸಿಕೊಂಡು ಹೇಳಿದರೆ ‘ಕಿತಾ’. ಅವನನ್ನು ಬಿಟ್ಟು ಹೇಳಿದರೆ ‘ಕಾಮಿ’. ತಮಿಳಿನ ‘ನಾಮ್’ ಮತ್ತು ‘ನಾಂಗಳ್’ ರೂಪಗಳಲ್ಲಿ ಇರುವುದೂ ಇದೇ ಭೇದ. ಪೆನಾಂಗಿನ ಚೀನೀಯರಲ್ಲಿ ಬಹುಮಂದಿ ಆಡುವ ಹೊಕ್ಕಿಯೆನ್ ನುಡಿಯಲ್ಲೂ ಇಂಥದೇ ಎರಡು ರೂಪಗಳು ಉಂಟು. ಮುಂಬಯಿಯ ತುಳುವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ‘ನಮ’ ಮತ್ತು ‘ಎಂಕುಳು’ ಎಂಬ ಪದಗಳನ್ನು ಅವರು ದಿನವೂ ತೂಕ ಮಾಡಿಯೇ ಬಳಸುತ್ತಾರೆ. ಇಂದಿನ ಕನ್ನಡದಲ್ಲಿ ಮಾತ್ರ ಒಂದೇ ‘ನಾವು’, ಇಂಗ್ಲಿಷಿನಲ್ಲೂ ಅಷ್ಟೆ. ಹೀಗಾಗಿ ಮಲೇಷ್ಯಾದಲ್ಲಿ ಮಲಯದಲ್ಲಿಯೋ ತಮಿಳಿನಲ್ಲಿಯೋ ಬರೆಯಲು ಕುಳಿತವನು ಓದುಗನನ್ನು ತನ್ನ ‘ನಾವು’ ಒಳಗೆ ಸೇರಿಸಿಕೊಳ್ಳುವುದೋ ಬಿಡುವುದೋ ಎಂಬುದನ್ನು ವ್ಯಾಕರಣದ ನೆಲೆಯಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಆ ದೇಶದಲ್ಲಿ ಸ್ಥಳೀಯ ಓದುಗ ವರ್ಗವನ್ನು ಕಟ್ಟುವ ಕಾರ್ಯ ಏಕೆ ಅಷ್ಟು ಕಷ್ಟವಾಯಿತೆಂಬುದನ್ನು ವಿವೇಚಿಸಲು ಈ ಪುಟ್ಟ ಭಾಷಿಕ ಸಂಗತಿ ಒಳ್ಳೆಯ ಕೀಲಿಕೈ.

ಕಷ್ಟದ ಮೂಲ ಅನಕ್ಷರತೆಯಲ್ಲಿಲ್ಲ. ಅಕ್ಷರಸ್ಥರು ಅಲ್ಲಿ ಯಥೇಚ್ಛವಾಗಿದ್ದಾರೆ. ಆದರೆ ಅವರು ಓದುವ ಅಕ್ಷರಗಳು ಬೇರೆ ಬೇರೆ. 2020ರ ಜನಗಣತಿಯ ಪ್ರಕಾರ ಮಲೇಷ್ಯಾದ ಜನಸಂಖ್ಯೆ ಸುಮಾರು 3 ಕೋಟಿ 24 ಲಕ್ಷ. ನಾಗರಿಕರಲ್ಲಿ ಮಲಯರು ಹಾಗೂ ಇತರ ಮೂಲನಿವಾಸಿಗಳನ್ನೊಳಗೊಂಡ ಭೂಮಿಪುತ್ರ ವರ್ಗ ಶೇ. 69.4, ಚೀನೀಯರು ಶೇ. 23.2, ಭಾರತೀಯ ಮೂಲದವರು ಶೇ. 6.7. ಪ್ರಾಥಮಿಕ ಶಿಕ್ಷಣವು ಮಲಯ, ಚೀನೀ, ತಮಿಳು ಎಂಬ ಮೂರು ಮಾಧ್ಯಮಗಳಲ್ಲಿ ನಡೆಯುತ್ತದೆ. ನಗರದ ಮೇಲ್ವರ್ಗದವರು, ಯಾವ ಮನೆತನದವರೇ ಆಗಿರಲಿ, ಇಂಗ್ಲಿಷನ್ನು ಹಿಡಿಯುತ್ತಾರೆ. ಈ ಪ್ರತಿಯೊಂದು ಭಾಷೆಗೂ ದೇಶದ ಹೊರಗೆ ಒಂದು ದೊಡ್ಡ ತವರುಮನೆ ಇದೆ: ಮಲಯಕ್ಕೆ ಇಂಡೊನೇಷ್ಯಾ, ಚೀನೀ ಭಾಷೆಗೆ ತೈವಾನ್ ಹಾಗೂ ಚೀನಾ, ತಮಿಳಿಗೆ ಚೆನ್ನೈ, ಇಂಗ್ಲಿಷಿಗೆ ಲಂಡನ್. ತವರಿನಿಂದ ಬರುವ ಪುಸ್ತಕ ಪತ್ರಿಕೆಗಳ ಮುಂದೆ ಊರಿನ ಲೇಖಕನು ಅಂಗಡಿ ತೆರೆಯಬೇಕು.

ಮಲಯದ ಆಧುನಿಕ ಗದ್ಯದ ಆರಂಭವನ್ನು ಸಾಮಾನ್ಯವಾಗಿ ಮುನ್ಷಿ ಅಬ್ದುಲ್ಲಾನಿಂದ ಗುರುತಿಸುವರು. ಅವನ ಆತ್ಮಕಥನ ‘ಹಿಕಾಯತ್ ಅಬ್ದುಲ್ಲಾ’ 1849ರಲ್ಲಿ ಸಿಂಗಪುರದಲ್ಲಿ ಮಿಷನರಿ ಬೆಂಜಮಿನ್ ಕೀಸ್ಬರಿಯ ನೆರವಿನಿಂದ ಕಲ್ಲಚ್ಚಿನಲ್ಲಿ ಹೊರಬಂದಿತು. ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿಯೇ ಹೊರತಂದದ್ದು 1843ರಲ್ಲಿ. ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ಒಂದೇ ಬಗೆಯ ಯಂತ್ರದಿಂದ, ಎರಡು ಭಾಷೆಗಳು ಅಚ್ಚಿನ ಓದುಗನನ್ನು ಹುಡುಕಲು ಹೊರಟವು. ಅಬ್ದುಲ್ಲಾನ ಹಿರಿಯರಲ್ಲಿ ಯೆಮನಿನ ಅರಬರೂ ಇದ್ದರು, ತಮಿಳರೂ ಇದ್ದರು. 1876ರಲ್ಲಿ ಸಿಂಗಪುರದಲ್ಲಿ ಹುಟ್ಟಿದ ಮೊದಲ ಮಲಯ ವಾರಪತ್ರಿಕೆ ‘ಜಾವಿ ಪೆರನಾಕನ್’ ಭಾರತೀಯ ಮುಸ್ಲಿಮರ ಹಾಗೂ ಮಲಯರ ಬೆರಕೆಯ ಸಂತತಿಯವರದು. ಪತ್ರಿಕೆಯ ಹೆಸರೇ ಆ ಸಮುದಾಯದ ಹೆಸರು. ಇನ್ನೊಂದು ದಿಕ್ಕಿನಿಂದ ಚಾನ್ ಕಿಮ್ ಬೂನ್ ಎಂಬ ಚೀನೀ ಮೂಲದ ವಿದ್ವಾಂಸನು 1892ರಿಂದ 1896ರವರೆಗೆ ‘ಮೂರು ರಾಜ್ಯಗಳ ಕಥೆ’ಯನ್ನು ಬಾಬಾ ಮಲಯದಲ್ಲಿ, ರೋಮನ್ ಲಿಪಿಯಲ್ಲಿ, ಮೂವತ್ತು ಸಂಪುಟಗಳಾಗಿ ಹೊರತಂದನು. ತನಗೆ ಬಂದ ಓದುಗರ ಪತ್ರಗಳನ್ನೂ ಆತನು ಸಂಪುಟಗಳಲ್ಲಿ ಅಚ್ಚುಹಾಕುತ್ತಿದ್ದನು. ಮಲಯ ಭಾಷೆಗೆ ಅಚ್ಚಿನ ಓದುಗನನ್ನು ಗಳಿಸಿಕೊಟ್ಟವರಲ್ಲಿ ಬೆರಕೆಯ ಮನೆತನದವರು ಎಷ್ಟು ಮುಂದಿದ್ದರೆಂಬುದನ್ನು ಮುಂದಿನ ಬೆಳವಣಿಗೆಯ ದೃಷ್ಟಿಯಿಂದ ನೆನಪಿಡಬೇಕು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಕೆಲಸಕ್ಕೆ ವೇಗ ತಂದವರು ಸೈಯದ್ ಶೇಖ್ ಅಲ್-ಹಾದಿ. ಅವರು 1906ರ ಸುಧಾರಣಾವಾದಿ ಪತ್ರಿಕೆ ‘ಅಲ್-ಇಮಾಮ್’ ಬಳಗದವರು. ಧರ್ಮಸುಧಾರಣೆಯ ಪ್ರಬಂಧಗಳನ್ನು ಓದುವವರು ಕೆಲವರೇ ಎಂಬ ಅರಿವು ಅವರಿಗೆ ಬೇಗನೆ ಉಂಟಾದಂತೆ ತೋರುತ್ತದೆ. 1925-26ರಲ್ಲಿ ಪ್ರಕಟವಾದ ಅವರ ಕಾದಂಬರಿ ‘ಫರೀದಾ ಹಾನೂಮ್’ ಬಿಸಿಬಿಸಿಯಾಗಿ ಮಾರಾಟವಾಯಿತು. ಪೆನಾಂಗಿನಲ್ಲಿ 1927ರಲ್ಲಿ ಅವರು ಸ್ಥಾಪಿಸಿದ ಜೆಲುತೊಂಗ್ ಮುದ್ರಣಾಲಯಕ್ಕೆ ಆ ಹಣವೇ ಆಧಾರವಾಯಿತು. ಆದರೆ ಆ ಕಾದಂಬರಿಯ ಕಥೆ ನಡೆಯುವುದು ಈಜಿಪ್ಟಿನಲ್ಲಿ, ಪಾತ್ರಗಳೂ ಅಲ್ಲಿಯವೇ. ಸ್ಥಳೀಯ ಓದುಗನನ್ನು ಗೆದ್ದುಕೊಟ್ಟದ್ದು ಪರಸ್ಥಳದ ಕಥೆ! ಕನ್ನಡದ ವಿದ್ಯಾರ್ಥಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳೇ ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟವು. ಗಳಗನಾಥರು ಮರಾಠಿಯಿಂದ ಪಡೆದ ಕಥೆಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಓದುವ ರುಚಿ ಮೊದಲು ಹತ್ತುತ್ತದೆ. ತನ್ನ ಊರಿನ ಕಥೆ ಬೇಕೆನ್ನುವ ಹಟ ಆಮೇಲೆ.

ಆ ಹಟ ಹುಟ್ಟಿದ ಬಗೆ ಕುತೂಹಲಕರವಾದುದು. ಅಲ್-ಹಾದಿಯವರು 1928ರಲ್ಲಿ ಆರಂಭಿಸಿದ ‘ಸೌದಾರಾ’ ಪತ್ರಿಕೆಯಲ್ಲಿ ಓದುಗರು ಪರಸ್ಪರ ಪತ್ರ ಬರೆದುಕೊಳ್ಳಲು ಒಂದು ಪುಟವನ್ನು ಮೀಸಲಿಡಲಾಗಿತ್ತು. ಆ ಪುಟದಿಂದಲೇ 1934ರಲ್ಲಿ ‘ಸಹಾಬತ್ ಪೆನಾ’, ಅಂದರೆ ಲೇಖನಿ-ಗೆಳೆಯರ ಸಂಘ, ರೂಪುಗೊಂಡಿತು. ಶಾಲಾ ಶಿಕ್ಷಕರು, ಗುಮಾಸ್ತರು, ಹಳ್ಳಿಯ ತರುಣರು, ಕೆಲಮಟ್ಟಿಗೆ ಹೆಣ್ಣುಮಕ್ಕಳೂ ಇದರ ಸದಸ್ಯರು. ಜೊಹೊರಿನ ಸುಲ್ತಾನನ ಪ್ರಜೆ, ಪೆರಾಕಿನ ಸುಲ್ತಾನನ ಪ್ರಜೆ, ಪೆನಾಂಗಿನ ಬ್ರಿಟಿಷ್ ಪ್ರಜೆ ಎಂದು ಹಂಚಿಹೋಗಿದ್ದವರು ಒಬ್ಬರನ್ನೊಬ್ಬರು ಕಾಣದೆಯೇ ಪತ್ರಮುಖೇನ ಬಂಧುಗಳಾದರು. ‘ಸೌದಾರಾ’ ಎಂದರೆ ಒಡಹುಟ್ಟು ಎಂದೇ ಅರ್ಥ. ಸಂಸ್ಕೃತದ ‘ಸಹೋದರ’ ಪದವೇ ಸವೆದು ಆ ರೂಪ ತಾಳಿದೆ. ರಾಜಕೀಯ ಪಕ್ಷಗಳು ಇನ್ನೂ ಕಣ್ಣುಬಿಡುತ್ತಿದ್ದ ಕಾಲದಲ್ಲಿ ಈ ಓದುಗರ ಸಂಘವು ಪರ್ಯಾಯ ದ್ವೀಪದಾದ್ಯಂತ ಹರಡಿತು. ಓದುಗ ಸಮುದಾಯವೆಂದರೆ ಪತ್ರಿಕೆ ಕೊಳ್ಳುವವರ ಎಣಿಕೆಯಲ್ಲ, ತಮ್ಮಂತೆಯೇ ಓದುವ ಇತರರು ಇದ್ದಾರೆಂಬ ನಂಬಿಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ವಿರಳ.

ಐದು ವರ್ಷಗಳಲ್ಲಿಯೇ ‘ಕಿತಾ’ದ ಎಲ್ಲೆಯ ಪ್ರಶ್ನೆ ತಲೆಯೆತ್ತಿತು. 1939ರಲ್ಲಿ ಸಿಂಗಪುರದಲ್ಲಿ ‘ಉತುಸಾನ್ ಮೆಲಾಯು’ ಹೊರಟಿತು. ಅಬ್ದುಲ್ ರಹೀಮ್ ಕಾಜಾಯಿ ಅದರ ಮೊದಲ ಸಂಪಾದಕರು. ಮುಂದೆ ಸಿಂಗಪುರದ ಅಧ್ಯಕ್ಷರಾದ ಯೂಸುಫ್ ಇಸ್ಹಾಕ್ ಅದರ ಸ್ಥಾಪಕರಲ್ಲೊಬ್ಬರು. ಬಂಡವಾಳವು ಟ್ಯಾಕ್ಸಿ ಚಾಲಕರು, ಬೀದಿ ವ್ಯಾಪಾರಿಗಳು, ರೈತರು ಕೊಂಡ ಸಣ್ಣ ಸಣ್ಣ ಷೇರುಗಳಿಂದ ಕೂಡಿಬಂದಿತು. ಓದುಗನೇ ಒಡೆಯನಾದ ಈ ಪತ್ರಿಕೆಯ ಸಾಹಸ ಮೆಚ್ಚತಕ್ಕದ್ದೇ. ಆದರೆ ಅದರ ಉದ್ದೇಶ ಮಲಯರದೇ ಆದ ಪತ್ರಿಕೆಯನ್ನು ಕಟ್ಟುವುದು. ಅಂದರೆ ಅದುವರೆಗೆ ಮಲಯ ಪತ್ರಿಕೋದ್ಯಮವನ್ನು ನಡೆಸಿದ್ದ ಅರಬ್ ಮತ್ತು ಭಾರತೀಯ ಮುಸ್ಲಿಮ್ ಮೂಲದವರ ಒಡೆತನದಿಂದ ಹೊರಬರುವುದು. ಅಬ್ದುಲ್ಲಾನನ್ನು ಆದಿಪುರುಷನೆಂದು ಒಪ್ಪಿದ ಭಾಷೆಯಲ್ಲಿಯೇ ಅಬ್ದುಲ್ಲಾನಂಥವರು ಒಳಗಿನವರೋ ಹೊರಗಿನವರೋ ಎಂಬ ಚರ್ಚೆ ನಡೆಯುವಂತಾಯಿತು. ಓದುಗ ವರ್ಗವು ಗಟ್ಟಿಯಾದಷ್ಟೂ ಅದರ ಬೇಲಿಯೂ ಗಟ್ಟಿಯಾಗುವುದು ಬಹುಶಃ ಅನಿವಾರ್ಯ. 1961ರಲ್ಲಿ ಪತ್ರಿಕೆಯು ಆಡಳಿತ ಪಕ್ಷದ ಹಿಡಿತಕ್ಕೆ ಹೋಗುವುದನ್ನು ವಿರೋಧಿಸಿ ಸಂಪಾದಕ ಸೈದ್ ಜಹಾರಿ ಮತ್ತು ಅವರ ಸಹೋದ್ಯೋಗಿಗಳು ಸುಮಾರು ಮೂರು ತಿಂಗಳ ಮುಷ್ಕರ ನಡೆಸಿ ಸೋತರು. ಬೀದಿ ವ್ಯಾಪಾರಿಯ ಷೇರು ಅಲ್ಲಿಗೆ ಕೇವಲ ನೆನಪಾಯಿತು.

ಲಿಪಿಯ ಸಂಗತಿ ಇನ್ನಷ್ಟು ತೊಡಕಿನದು. ಅಬ್ದುಲ್ಲಾನೂ ಅಲ್-ಹಾದಿಯೂ ಬರೆದದ್ದು ಅರಬ್ಬೀ ಮೂಲದ ಜಾವಿ ಲಿಪಿಯಲ್ಲಿ. ಸ್ವಾತಂತ್ರ್ಯಾನಂತರ ರಾಷ್ಟ್ರಭಾಷೆಗೆ ರೋಮನ್ ಲಿಪಿ ಅಧಿಕೃತವಾಯಿತು. 1957ರ ‘ಬೆರಿತಾ ಹರಿಯಾನ್’, 1967ರ ‘ಉತುಸಾನ್ ಮಲೇಷ್ಯಾ’ ಎರಡೂ ರೋಮನ್ ಲಿಪಿಯ ಪತ್ರಿಕೆಗಳು. 1956ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆ ‘ದೇವಾನ್ ಬಹಾಸಾ ದಾನ್ ಪುಸ್ತಕಾ’ ಪಾರಿಭಾಷಿಕ ಪದಗಳನ್ನು ರೂಪಿಸಿತು, ನಿಘಂಟುಗಳನ್ನು ಪ್ರಕಟಿಸಿತು, 1971ರಿಂದ ‘ದೇವಾನ್ ಸಾಸ್ತ್ರಾ’ ಎಂಬ ಸಾಹಿತ್ಯ ಮಾಸಿಕವನ್ನು ನಡೆಸಿತು. ಹೊಸ ಲಿಪಿಯಿಂದ ಚೀನೀ, ತಮಿಳು ಮಕ್ಕಳಿಗೂ ಮಲಯದ ಬಾಗಿಲು ತೆರೆಯಿತೆಂಬುದು ನಿಜ. ಅದೇ ಬಾಗಿಲು ಮಲಯ ಮೊಮ್ಮಕ್ಕಳಿಗೆ ಅಜ್ಜನ ಪುಸ್ತಕದ ಪೆಟ್ಟಿಗೆಯ ಮೇಲೆ ಮುಚ್ಚಿಕೊಂಡಿತು. ಕನ್ನಡ, ನಾಗರಿ, ರೋಮನ್, ಮಲಯಾಳ ಲಿಪಿಗಳಲ್ಲಿ ಹರಿದುಹಂಚಿರುವ ಕೊಂಕಣಿಯ ಓದುಗರ ಪಾಡನ್ನು ಬಲ್ಲವರಿಗೆ ಇದರ ನೋವು ಅರ್ಥವಾಗುತ್ತದೆ. ವ್ಯತ್ಯಾಸವಿಷ್ಟೆ: ಕೊಂಕಣಿಯಲ್ಲಿ ಒಡಕು ಪ್ರದೇಶದಿಂದ ಪ್ರದೇಶಕ್ಕೆ, ಮಲಯದಲ್ಲಿ ತಲೆಮಾರಿನಿಂದ ತಲೆಮಾರಿಗೆ.

ತಮಿಳರ ಪ್ರಯತ್ನವು ಹೊರನಾಡಿನ ಕನ್ನಡಿಗರಿಗೆ ಹೆಚ್ಚು ಹತ್ತಿರದ್ದು. ರಬ್ಬರ್ ತೋಟಗಳಲ್ಲಿ ಕೂಲಿಗಳಾಗಿ ನೆಲೆಸಿದವರ ನಡುವೆ 1924ರಲ್ಲಿ ಕೌಲಾಲಂಪುರದಲ್ಲಿ ‘ತಮಿಳ್ ನೇಸನ್’, 1935ರಲ್ಲಿ ಸಿಂಗಪುರದಲ್ಲಿ ಸಾರಂಗಪಾಣಿಯವರ ‘ತಮಿಳ್ ಮುರಸು’ ಹುಟ್ಟಿದವು. ತೋಟದ ಮನೆಗಳ ಸಾಲಿನಲ್ಲಿ ಅಕ್ಷರ ಬಲ್ಲ ಒಬ್ಬನು ಓದಿದರೆ ಹತ್ತು ಮಂದಿ ಕೇಳುವರು; ಮಾರಾಟದ ಲೆಕ್ಕದಿಂದ ಇಂಥ ಓದುಗರನ್ನು ಅಳೆಯಲಾಗದು. ಆದರೆ ಕಥೆಗಾಗಿ ಅವರು ಕಾಯುತ್ತಿದ್ದುದು ಮದರಾಸಿನಿಂದ ಬರುವ ವಾರಪತ್ರಿಕೆಗಳಿಗೆ. ರಬ್ಬರ್ ಹಾಲಿನ ವಾಸನೆ, ಮುಂಜಾನೆಯ ಹಾಜರಿ, ಕಂಗಾಣಿಯ ದರ್ಪ ಕಥೆಯಾಗಬಲ್ಲವೆಂದು ಅವರಿಗೇ ನಂಬಿಕೆಯಿರಲಿಲ್ಲ. ‘ತಮಿಳ್ ನೇಸನ್’ ಪತ್ರಿಕೆಯಲ್ಲಿ 1950ರ ಸುಮಾರಿಗೆ ಸುಬ. ನಾರಾಯಣನ್ ಮತ್ತು ಬೈರೋಜಿ ನಾರಾಯಣನ್ ಆರಂಭಿಸಿದ ‘ಕದೈ ವಗುಪ್ಪು’, ಅಂದರೆ ಕಥಾ ತರಗತಿ, ಈ ಗಂಟನ್ನು ಬೇರೊಂದು ತುದಿಯಿಂದ ಬಿಡಿಸಿತು. ಕಥೆ ಬರೆಯುವುದು ಹೇಗೆಂದು ಪತ್ರಿಕೆಯ ಪುಟದಲ್ಲಿಯೇ ಪಾಠ; ಓದುಗರು ಕಳುಹಿಸಿದ ಅಭ್ಯಾಸಗಳ ಪರಿಶೀಲನೆ; ತೇರ್ಗಡೆಯಾದವರಿಗೆ ದರ್ಜೆ. ಬರೆಯಲು ಕುಳಿತ ಓದುಗನು ಮದರಾಸಿನ ಬೀದಿಯನ್ನು ವರ್ಣಿಸಲಾರ. ಅವನಿಗೆ ಗೊತ್ತಿರುವುದು ತೋಟವೇ. ಮಲೇಷ್ಯಾದ ತಮಿಳು ಕಥೆಗೆ ಸ್ಥಳೀಯತೆ ಬಂದದ್ದರಲ್ಲಿ ಯಾವ ಘೋಷಣೆಗಿಂತಲೂ ಈ ಮೇಷ್ಟರ ಉಪಾಯದ ಪಾಲು ದೊಡ್ಡದು. ಮುಂದೆ ತೋಟಗಳು ತುಂಡಾಗಿ, ಎಣ್ಣೆತಾಳೆಗೂ ವಸತಿ ಬಡಾವಣೆಗಳಿಗೂ ದಾರಿಯಾದಾಗ ಓದುಗನೂ ನಗರದ ಅಂಚಿಗೆ ಚದುರಿದನು. ‘ತಮಿಳ್ ನೇಸನ್’ 2019ರ ಜನವರಿಯ ಕೊನೆಗೆ ನಿಂತಿತು. ಕನ್ನಡವನ್ನು ಮನೆಯಲ್ಲಿ ಆಡಿಯೂ ಓದಲರಿಯದ ಮಕ್ಕಳು ಮುಂಬಯಿ, ಪುಣೆಗಳಲ್ಲಿ ಹೆಚ್ಚುತ್ತಿರುವಾಗ, ಆ ಕಥಾ ತರಗತಿಯ ವಿವರಗಳನ್ನು ಸಂಶೋಧಕರು ಶ್ರಮವಹಿಸಿ ಕಲೆಹಾಕಬೇಕಾಗಿದೆ.

ಚೀನೀಯರ ಪತ್ರಿಕೆಗಳ ಸ್ಥಿತಿ ಇವೆಲ್ಲಕ್ಕಿಂತ ಭದ್ರ. 1929ರಲ್ಲಿ ‘ಸಿನ್ ಚ್ಯೂ’ ಪತ್ರಿಕೆಯನ್ನು ಸ್ಥಾಪಿಸಿದವರು ಟೈಗರ್ ಬಾಮ್ ಖ್ಯಾತಿಯ ಔ ಬೂನ್ ಹಾ. ತಲೆನೋವಿನ ಮುಲಾಮು ಮತ್ತು ಸುದ್ದಿ ಒಂದೇ ಮನೆಯಿಂದ ಬಂದವು! ಶಾಲೆ, ಸಂಘ, ಪತ್ರಿಕೆ ಎಂಬ ಮೂರು ಕಾಲುಗಳ ಮೇಲೆ ಆ ಸಮುದಾಯ ನಿಂತಿದೆ. ಹಾಗಿದ್ದೂ ಲಿ ಯೊಂಗ್‌ಪಿಂಗ್, ಝಾಂಗ್ ಗುಯ್‌ಶಿಂಗ್, ಎನ್‌ಜಿ ಕಿಮ್ ಚ್ಯೂ ಮೊದಲಾದ ಪ್ರತಿಭಾವಂತರು ತೈವಾನಿಗೆ ಹೋಗಿ ನೆಲೆಸಿ, ಅಲ್ಲಿಯ ಓದುಗರಿಗಾಗಿ ಬೋರ್ನಿಯೊ ಕಾಡುಗಳನ್ನೂ ರಬ್ಬರ್ ತೋಪುಗಳನ್ನೂ ಚಿತ್ರಿಸಿದರು.

ರಾಷ್ಟ್ರದ ನೀತಿ ಈ ಒಡಕನ್ನು ಮುಚ್ಚಲಿಲ್ಲ. ಮಲಯದಲ್ಲಿ ಬರೆದದ್ದು ಮಾತ್ರ ರಾಷ್ಟ್ರೀಯ ಸಾಹಿತ್ಯ, ಚೀನೀ-ತಮಿಳು ಭಾಷೆಗಳದು ಪಂಗಡದ ಸಾಹಿತ್ಯ ಎಂಬ ವಿಭಜನೆಯನ್ನು ವಿದ್ವಾಂಸ ಇಸ್ಮಾಯಿಲ್ ಹುಸೇನ್ ಪ್ರತಿಪಾದಿಸಿದರು. 1981ರಲ್ಲಿ ಕೆರಿಸ್ ಮಾಸ್ ಅವರಿಂದ ಆರಂಭವಾದ ‘ಸಾಸ್ತ್ರವಾನ್ ನೆಗಾರಾ’ ಗೌರವ ಮಲಯದ ಲೇಖಕರಿಗೇ ಸಂದಿದೆ. ರಾಷ್ಟ್ರಭಾಷೆಯನ್ನು ಬಲಪಡಿಸುವ ಹಂಬಲ ಸಾಧುವಾದುದೇ. ಆದರೆ ಒಬ್ಬ ಲೇಖಕನಿಗೆ ‘ಇದು ನಿನ್ನವರ ಸಾಹಿತ್ಯ, ನಮ್ಮದಲ್ಲ’ ಎಂದು ಹೇಳಿದ ಮೇಲೆ ಅವನ ಓದುಗನನ್ನು ರಾಷ್ಟ್ರದ ಓದುಗನೆಂದು ಕರೆಯುವುದು ಕಷ್ಟ. 1984ರ ಮುದ್ರಣ ಕಾಯಿದೆಯು ಪತ್ರಿಕೆಗಳ ಪರವಾನಗಿಯನ್ನು ವರ್ಷವರ್ಷವೂ ನವೀಕರಿಸುವಂತೆ ಮಾಡಿತು; 1987ರಲ್ಲಿ ‘ದಿ ಸ್ಟಾರ್’, ‘ಸಿನ್ ಚ್ಯೂ’, ‘ವತಾನ್’ ಪತ್ರಿಕೆಗಳು ತಿಂಗಳುಗಟ್ಟಲೆ ನಿಂತವು. ಇಂಗ್ಲಿಷ್, ಚೀನೀ, ಮಲಯ ಓದುಗರು ಅಂದು ಸಮಾನರಾದದ್ದು ಪತ್ರಿಕೆಯಿಲ್ಲದ ಬೆಳಗಿನಲ್ಲಿ. ವಾರ್ಷಿಕ ನವೀಕರಣದ ನಿಯಮ 2012ರಲ್ಲಿ ರದ್ದಾಯಿತು.

ಬೇಲಿಗಳನ್ನು ದಾಟಿದ ಬರಹವೇ ಇಲ್ಲವೆಂದಲ್ಲ. ಪೆರಾಕಿನಲ್ಲಿ 1951ರಲ್ಲಿ ಹುಟ್ಟಿದ ಮೊಹಮ್ಮದ್ ನೂರ್ ಖಾಲಿದ್, ‘ಲಾತ್’ ಎಂಬ ಹೆಸರಿನ ವ್ಯಂಗ್ಯಚಿತ್ರಕಾರರು, 1979ರಲ್ಲಿ ‘ಕಂಪುಂಗ್ ಬಾಯ್’ ಪ್ರಕಟಿಸಿದರು. ಹಳ್ಳಿಯ ಮಲಯ ಹುಡುಗನ ಬಾಲ್ಯ: ಕುರಾನ್ ಪಾಠ, ಸುನ್ನತಿಯ ದಿನದ ಭಯ, ತವರ ಗಣಿಯ ಯಂತ್ರದ ಸದ್ದು. ವಸ್ತು ಸಂಪೂರ್ಣವಾಗಿ ಒಂದು ಸಮುದಾಯದ್ದು. ಭಾಷೆ ಸರಳ ಇಂಗ್ಲಿಷ್, ನಡುನಡುವೆ ಮಲಯ ಪದಗಳು. ಕಥೆಯ ಬಹುಭಾಗವನ್ನು ಹೊರುವುದು ಗೆರೆ. ಚೀನೀ, ತಮಿಳು ಮನೆಗಳಲ್ಲಿಯೂ ಅದನ್ನು ತಮ್ಮ ಬಾಲ್ಯವೆಂಬಂತೆ ಓದಿದರು. 1981ರ ‘ಟೌನ್ ಬಾಯ್’ ಕೃತಿಯಲ್ಲಿ ಅದೇ ಹುಡುಗ ಇಪೋ ನಗರಕ್ಕೆ ಬಂದು ಫ್ರಾಂಕಿ ಎಂಬ ಚೀನೀ ಗೆಳೆಯನನ್ನು ಸಂಪಾದಿಸುತ್ತಾನೆ. ಎಲ್ಲರಿಗಾಗಿ ಬರೆಯುತ್ತೇನೆಂದು ಹೊರಟು ಯಾರ ಊರೂ ಅಲ್ಲದ ಊರನ್ನು ಚಿತ್ರಿಸುವ ತಪ್ಪನ್ನು ಲಾತ್ ಮಾಡಲಿಲ್ಲ. ತನ್ನ ‘ಕಾಮಿ’ಯ ವಿವರಗಳಲ್ಲಿ ಕಿಂಚಿತ್ತೂ ರಾಜಿಯಾಗದೆ ಬರೆದು, ಓದುವವನೇ ಅದನ್ನು ‘ಕಿತಾ’ ಎಂದು ಓದಿಕೊಳ್ಳುವಂತೆ ಮಾಡಿದರು.

2011ರಲ್ಲಿ ಅಮೀರ್ ಮುಹಮ್ಮದ್ ಆರಂಭಿಸಿದ ‘ಬುಕು ಫಿಕ್ಸಿ’ ಪ್ರಕಾಶನದ್ದು ಮತ್ತೊಂದು ದಾರಿ. ಪತ್ತೇದಾರಿ, ಭಯಾನಕ ಕಥೆಗಳನ್ನು ನಗರದ ತರುಣರು ಆಡುವ ಬೆರಕೆ ಮಲಯದಲ್ಲಿಯೇ ಅದು ಅಗ್ಗದ ಪುಸ್ತಕಗಳಾಗಿ ತಂದಿತು. ಶುದ್ಧ ಭಾಷೆಯ ಪಕ್ಷಪಾತಿಗಳು ಇಂಥ ನುಡಿಯನ್ನು ‘ರೊಜಾಕ್’ ಎಂದು ಹಳಿಯುತ್ತಾರೆ. ರೊಜಾಕ್ ಎಂದರೆ ಹಣ್ಣು ತರಕಾರಿಗಳನ್ನು ಕಲಸಿದ ಬೀದಿಯ ತಿನಿಸು. ಮುನ್ಷಿ ಅಬ್ದುಲ್ಲಾನ ಮನೆತನವೂ, ಚಾನ್ ಕಿಮ್ ಬೂನನ ಬಾಬಾ ಮಲಯವೂ ಅದೇ ಪಾತ್ರೆಯಲ್ಲಿ ಕಲಸಿದವುಗಳೇ.