ಅಲಾರಾಂ ಸುಮ್ಮನಿದ್ದರೆ ಎಲ್ಲ ಸರಿಯಿದೆಯೇ?

ನಮ್ಮ ಭಾಯಿ ಬೆಂಗಳೂರಿನ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುತ್ತಾರೆ. ಸರ್ವರ್ ನಿಂತರೆ ಅಥವಾ ಡಿಸ್ಕ್ ತುಂಬಿದರೆ ಅವರ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಒಂದು ರಾತ್ರಿ 3 ಗಂಟೆಗೆ ಬಿಲ್ಲಿಂಗ್ ಸರ್ವರ್ ನಿಂತುಹೋಯಿತು. ಆದರೆ ಎಚ್ಚರಿಕೆ ಬಂದದ್ದು ಬೆಳಿಗ್ಗೆ 6ಕ್ಕೆ! ಭಾಯಿಗೆ ಮೇಲಿನವರಿಂದ ಚೆನ್ನಾಗಿ ಬೈಗುಳ ಸಿಕ್ಕಿತು. ಕಾರಣ ಕೇಳಿದೆ. "ರಿಪೇರಿ 2 ಗಂಟೆಗೇ ಮುಗಿದಿತ್ತು. ಮೇಂಟೆನೆನ್ಸ್ ಮೋಡ್ ಮಾತ್ರ 6ರವರೆಗೆ ಹಾಕಿಟ್ಟಿದ್ದೆ" ಎಂದರು.

ಈ ಮೋಡ್ ಏಕೆ ಬೇಕು? ರಿಪೇರಿಗಾಗಿ ನಾವೇ ಸರ್ವರ್ ನಿಲ್ಲಿಸಿದಾಗಲೂ ಎಚ್ಚರಿಕೆಗಳು ಸಾಲುಸಾಲಾಗಿ ಬರುತ್ತವೆ. ಸುಳ್ಳು ಎಚ್ಚರಿಕೆ ನೋಡಿ ನೋಡಿ ಬೇಸತ್ತವರು ನಿಜವಾದದ್ದನ್ನೂ ಕಡೆಗಣಿಸುತ್ತಾರೆ. ಆದ್ದರಿಂದ ಸ್ವಲ್ಪ ಹೊತ್ತು ಅವನ್ನು ತಡೆದಿಡುತ್ತಾರೆ.

2001ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ ಜಬ್ಬಿಕ್ಸ್ ಎಂಬ ತಂತ್ರಾಂಶದಲ್ಲಿ ಇದು ಎರಡು ವಿಧ. ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುತ್ತೇನೆ.

1. ಮಾಹಿತಿ ಸಂಗ್ರಹಿಸುವ ವಿಧ: ಗುಮಾಸ್ತ ದಿನಚರಿ ಪುಸ್ತಕ ಬರೆಯುತ್ತಲೇ ಇರುತ್ತಾನೆ, ಮಾಲೀಕನಿಗೆ ಫೋನ್ ಮಾತ್ರ ಮಾಡುವುದಿಲ್ಲ. ತೊಂದರೆ ದಾಖಲಾಗುತ್ತದೆ. ಆದರೆ ಸಾಮಾನ್ಯವಾಗಿ ತೊಂದರೆಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ತಡೆಹಿಡಿದವನ್ನೂ ತೋರಿಸು ಎಂಬ ಆಯ್ಕೆಗೆ ಗುರುತು ಹಾಕಬೇಕು. ಅವಧಿ ಮುಗಿದಾಗ ತೊಂದರೆ ಇನ್ನೂ ಉಳಿದಿದ್ದರೆ ಸಂದೇಶ ಹೊರಡುತ್ತದೆ. ಭಾಯಿಗೆ 6 ಗಂಟೆಗೆ ಬಂದದ್ದು ಇದೇ.

2. ಮಾಹಿತಿ ಸಂಗ್ರಹಿಸದ ವಿಧ: ಇಲ್ಲಿ ಪುಸ್ತಕವನ್ನೇ ಮುಚ್ಚಿಡಲಾಗುತ್ತದೆ. ಆ ಹೊತ್ತಿನಲ್ಲಿ ಏನಾಯಿತು ಎಂದು ನಂತರ ಹುಡುಕಿದರೆ ಗ್ರಾಫಿನಲ್ಲಿ ಖಾಲಿ ಜಾಗ ಮಾತ್ರ ಸಿಗುತ್ತದೆ.

ನಾಗಿಯೋಸ್ ಎಂಬ ಇನ್ನೊಂದು ತಂತ್ರಾಂಶದ ಡೌನ್‌ಟೈಮ್ ಮೊದಲನೆಯ ವಿಧಕ್ಕೆ ಹತ್ತಿರ. ಅದರಲ್ಲಿ ತಪಾಸಣೆ ನಡೆಯುತ್ತಲೇ ಇರುತ್ತದೆ, ಸಂದೇಶ ಮಾತ್ರ ನಿಲ್ಲುತ್ತದೆ.

ನೆನಪಿಡಬೇಕಾದ ಅಂಶಗಳು:

• ಕೆಲಸಕ್ಕೆ ಬೇಕಾದಷ್ಟೇ ಅವಧಿ ಹಾಕಬೇಕು. ಕೆಲಸ ಬೇಗ ಮುಗಿದರೆ ಮೋಡನ್ನೂ ಬೇಗ ತೆಗೆಯಬೇಕು.
• ರಿಪೇರಿಯಾಗುವ ಸರ್ವರನ್ನು ಮಾತ್ರ ಸೇರಿಸಬೇಕು, ಇಡೀ ಗುಂಪನ್ನಲ್ಲ.
• ಕೆಲಸ ಮುಗಿದ ಮೇಲೆ ತಡೆಹಿಡಿದ ಪಟ್ಟಿಯನ್ನು ಒಮ್ಮೆ ತೆರೆದು ನೋಡಬೇಕು.

ತಾಳೆಪಟ್ಟಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎನ್ನಲಾಗದು ಎಂದು ನಾವು ತರಗತಿಯಲ್ಲಿ ಓದಿದ್ದೇವೆ. ಇಲ್ಲಿಯೂ ಹಾಗೆಯೇ. ಪರದೆಯ ಮೇಲೆ ತೊಂದರೆ ಕಾಣುತ್ತಿಲ್ಲ ಎಂದರೆ ತೊಂದರೆ ಇಲ್ಲ ಎಂದೇ ಅರ್ಥವಲ್ಲ. ಭಾಯಿ ಈಗ ಕೆಲಸ ಮುಗಿಯುವ ಹೊತ್ತಿಗೆ ತಮ್ಮ ಮೊಬೈಲಿನಲ್ಲೇ ಒಂದು ಅಲಾರಾಂ ಇಟ್ಟುಕೊಳ್ಳುತ್ತಾರೆ, ಮೋಡ್ ತೆಗೆಯಲು!